ಆಲ್ಸೇಸ್: ಎರಡು ರಾಷ್ಟ್ರಗಳ ನಡುವಣ ನಾಡು

ಯುರೋಪಿನ ಇತಿಹಾಸವನ್ನು ಓದಿದ ವಿದ್ಯಾರ್ಥಿಗಳಲ್ಲಿ 'ಆಲ್ಸೇಸ್-ಲೊರೇನ್' ಎಂಬ ಜೋಡಿ ಹೆಸರನ್ನು ಕೇಳದವರು ವಿರಳ. ಪರೀಕ್ಷೆಯ ಮಟ್ಟಿಗೆ ಅದು ಒಪ್ಪಂದಗಳಲ್ಲಿ ಕೈ ಬದಲಾಯಿಸಿದ ನೆಲ, ಅಷ್ಟೆ. ಆದರೆ ಆ ನೆಲದಲ್ಲಿ ಜನರಿದ್ದರು, ಅವರಿಗೊಂದು ಮನೆಮಾತಿತ್ತು. ಇವೆರಡರಲ್ಲಿ ಆಲ್ಸೇಸಿನ ಪರಿಚಯವನ್ನು ಇಲ್ಲಿ ಸಂಕ್ಷೇಪವಾಗಿ ಮಾಡಿಕೊಡಲು ಯತ್ನಿಸಿದ್ದೇನೆ.

ಫ್ರಾನ್ಸಿನ ಪೂರ್ವದ ಅಂಚಿನಲ್ಲಿ ಉತ್ತರ-ದಕ್ಷಿಣವಾಗಿ ಚಾಚಿರುವ ಕಿರಿದಾದ ಪಟ್ಟಿಯೇ ಆಲ್ಸೇಸ್. ಇದರ ವಿಸ್ತೀರ್ಣ ಸುಮಾರು 8,280 ಚದರ ಕಿಲೋಮೀಟರು. ಪೂರ್ವಕ್ಕೆ ರೈನ್ ನದಿ, ಅದರಾಚೆ ಜರ್ಮನಿ, ದಕ್ಷಿಣಕ್ಕೆ ಸ್ವಿಟ್ಜರ್‌ಲೆಂಡ್, ಪಶ್ಚಿಮಕ್ಕೆ ವೋಜ್ ಪರ್ವತಶ್ರೇಣಿ. ಪಡುವಣ ಗಾಳಿ ತರುವ ಮಳೆ ಬಹುಪಾಲು ಈ ಪರ್ವತಗಳ ಮೇಲೆಯೇ ಸುರಿದುಹೋಗುವುದರಿಂದ, ಮಳೆನೆರಳಿನಲ್ಲಿರುವ ಕೊಲ್ಮಾರ್ ಪಟ್ಟಣವು ಫ್ರಾನ್ಸಿನಲ್ಲಿ ಅತಿ ಕಡಿಮೆ ಮಳೆ ಬೀಳುವ ಸ್ಥಳಗಳಲ್ಲೊಂದಾಗಿದೆ. ಬೆಟ್ಟದ ತಪ್ಪಲಿನ ಇಳಿಜಾರುಗಳಲ್ಲಿ ದ್ರಾಕ್ಷಿ ಚೆನ್ನಾಗಿ ಬೆಳೆಯಲು ಇದೇ ಕಾರಣ. ಬಯಲಿನಲ್ಲಿ ಗೋಧಿ, ಮುಸುಕಿನ ಜೋಳ, ಎಲೆಕೋಸು ಮುಂತಾದ ಬೆಳೆಗಳುಂಟು.

ಇಲ್ಲಿಯ ಕೈಗಾರಿಕೆಯ ಕಥೆಯಲ್ಲಿ ನಮ್ಮ ದೇಶದ ಹೆಸರೂ ಸೇರಿದೆ. ಭಾರತದ ಅಚ್ಚಿನ ಹತ್ತಿಬಟ್ಟೆಗಳಿಗೆ ಯುರೋಪು ಮರುಳಾಗಿದ್ದ ಕಾಲದಲ್ಲಿ, ಸ್ವದೇಶದ ನೇಕಾರರ ಹಿತಕ್ಕಾಗಿ ಫ್ರಾನ್ಸು 1686ರಲ್ಲಿ ಅವುಗಳನ್ನೂ ಅವುಗಳ ಅನುಕರಣೆಯನ್ನೂ ನಿಷೇಧಿಸಿತು. ಆಗ ಮುಲೂಜ್ ನಗರ ಫ್ರಾನ್ಸಿಗೆ ಸೇರದೆ ಸ್ವತಂತ್ರವಾಗಿತ್ತು. ಆದುದರಿಂದ 1746ರಲ್ಲಿ ಅಲ್ಲಿ ಬಟ್ಟೆಗೆ ಅಚ್ಚೊತ್ತುವ ಉದ್ಯಮ ನಿರಾತಂಕವಾಗಿ ಆರಂಭವಾಯಿತು. ಆ ಬಟ್ಟೆಗೆ ಫ್ರೆಂಚರು ಇಟ್ಟ ಹೆಸರಿನ ಅರ್ಥವೇ 'ಭಾರತದ್ದು' ಎಂದು! 1798ರಲ್ಲಿ ಮುಲೂಜ್ ಫ್ರಾನ್ಸನ್ನು ಸೇರಿತು. ಮುಂದೆ ಬಟ್ಟೆಯ ಗಿರಣಿಗಳ ಜೊತೆಗೆ ಯಂತ್ರೋದ್ಯಮವೂ ಬೆಳೆಯಿತು. 1904ರಲ್ಲಿ ಸಮೀಪದಲ್ಲಿ ದೊರೆತ ಪೊಟ್ಯಾಷ್ ಗೊಬ್ಬರದ ಗಣಿಗಾರಿಕೆ 2002ರವರೆಗೆ ನಡೆಯಿತು.

ಇನ್ನು ರಾಜಕೀಯ ಇತಿಹಾಸ. 1648ರ ವೆಸ್ಟ್‌ಫಾಲಿಯಾ ಒಪ್ಪಂದದಿಂದ ಆಲ್ಸೇಸಿನ ಬಹುಭಾಗವೂ, 1681ರಲ್ಲಿ ಹದಿನಾಲ್ಕನೆಯ ಲೂಯಿಯ ಆಕ್ರಮಣದಿಂದ ಸ್ಟ್ರಾಸ್‌ಬರ್ಗ್ ನಗರವೂ ಫ್ರಾನ್ಸಿನ ವಶವಾದುವು. ಜನರ ಆಡುಮಾತು ಜರ್ಮನ್ ಬಳಗದ್ದು. ಆದರೂ ಫ್ರಾನ್ಸಿನ ರಾಷ್ಟ್ರಗೀತೆ 1792ರಲ್ಲಿ ರಚಿತವಾದದ್ದು ಇದೇ ಸ್ಟ್ರಾಸ್‌ಬರ್ಗಿನಲ್ಲಿ. 1871ರಲ್ಲಿ ಜರ್ಮನಿ ಈ ನಾಡನ್ನು ಗೆದ್ದುಕೊಂಡಿತು. 1918ರಲ್ಲಿ ಫ್ರಾನ್ಸು ಮರಳಿ ಪಡೆಯಿತು. 1940ರಲ್ಲಿ ಹಿಟ್ಲರನ ಪಾಲಾಯಿತು. 1945ರ ವೇಳೆಗೆ ಪುನಃ ಫ್ರಾನ್ಸಿನದಾಯಿತು. 1870ಕ್ಕೆ ಮುಂಚೆ ಹುಟ್ಟಿ ದೀರ್ಘಕಾಲ ಬಾಳಿದವನು ತನ್ನ ಊರಿನಿಂದ ಕದಲದೆಯೇ ನಾಲ್ಕು ಬಾರಿ ರಾಷ್ಟ್ರ ಬದಲಾಯಿಸಿದಂತಾಯಿತು. 1942ರಿಂದ ಆಲ್ಸೇಸ್ ಮತ್ತು ನೆರೆಯ ಮೊಸೆಲ್‌ನ ಸುಮಾರು 1,30,000 ಮಂದಿಯನ್ನು ಬಲವಂತವಾಗಿ ಜರ್ಮನ್ ಸೇನೆಗೆ ಸೇರಿಸಲಾಯಿತು. ಸಾವಿರಾರು ಮಂದಿ ಮನೆಗೆ ಹಿಂದಿರುಗಲಿಲ್ಲ.

ಧ್ವಜದೊಡನೆ ಶಾಲೆಯ ಭಾಷೆಯೂ ಬದಲಾಗುತ್ತಿತ್ತು. ನಾಜಿಗಳು ಫ್ರೆಂಚನ್ನು ನಿಷೇಧಿಸಿದರು. ಯುದ್ಧಾನಂತರ ಪ್ರಾಥಮಿಕ ಶಾಲೆಗಳಲ್ಲಿ ಜರ್ಮನ್ ಬೋಧನೆ ನಿಂತಿತು. ಈ ಎಳೆದಾಟದಲ್ಲಿ ಸೊರಗಿದುದು ಅಜ್ಜ-ಅಜ್ಜಿಯರ ಆಲ್ಸೇಸಿಯನ್ ನುಡಿ. ಇಂದು ಅದನ್ನಾಡುವ ಕಿರಿಯರು ಕಡಿಮೆ. ಮನೆಯಲ್ಲೊಂದು, ಪುಸ್ತಕದಲ್ಲಿ ಮತ್ತೊಂದು ಮಾತನ್ನು ಕಲಿತವರಿಗೆ ಈ ನಷ್ಟದ ತೂಕ ಸುಲಭವಾಗಿ ತಿಳಿದೀತು.

1949ರಲ್ಲಿ ಸ್ಥಾಪಿತವಾದ ಯುರೋಪ್ ಮಂಡಳಿಗೆ ಸ್ಟ್ರಾಸ್‌ಬರ್ಗೇ ಕೇಂದ್ರವಾಯಿತು. ಯುರೋಪಿಯನ್ ಸಂಸತ್ತು ಸೇರುವುದೂ ಅಲ್ಲಿಯೇ. ಹಿಂದೆ ಸೈನ್ಯಗಳು ದಾಟುತ್ತಿದ್ದ ರೈನ್ ನದಿಯನ್ನು ಈಗ ಕೆಲಸಗಾರರು ದಿನವೂ ದಾಟಿ ಬರುತ್ತಾರೆ. ಗಡಿಯನ್ನು ಒಂದು ಸಹಿಯಿಂದ ಬದಲಾಯಿಸಬಹುದು. ಕಳೆದ ಮಾತನ್ನು ಮರಳಿ ನಾಲಗೆಗೆ ತರಲು ತಲೆಮಾರುಗಳೇ ಬೇಕು. ಆಲ್ಸೇಸ್ ನಮಗೆ ಕಲಿಸುವ ಪಾಠ ಇದೇ.