ಮನೆಯ ಧ್ವನಿಮುದ್ರಣವೂ ಚೆಂಡೆಯ ಪೆಟ್ಟೂ

ಕಳೆದ ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ತೆಂಕುತಿಟ್ಟಿನ ಭಾಗವತರಾದ ತನ್ನ ಸೋದರಮಾವನ ಪದಗಳನ್ನು ಮಂಗಳೂರಿನ ಮನೆಯಲ್ಲಿಯೇ ಮುದ್ರಿಸಿ ತಂದು ನಮಗೆ ಕೇಳಿಸಿದನು. ಹಿಮ್ಮೇಳಕ್ಕೆ ಚೆಂಡೆ, ಮದ್ದಳೆಗಳಿದ್ದುವು. ಮೈಕ್ರೊಫೋನು ಒಳ್ಳೆಯದೇ, ಕಂಪ್ಯೂಟರೂ ಹೊಸತೇ. ಆದರೂ ಕಂಠವು ಬಾವಿಯೊಳಗಿನಿಂದ ಬಂದಂತೆಯೂ, ಚೆಂಡೆಯು ತಗಡು ಬಡಿದಂತೆಯೂ ಕೇಳಿಸುತ್ತಿದ್ದಿತು. “ಮಾಸ್ಟರಿಂಗ್ ಮಾಡಿದರೆ ಸರಿಹೋಗುವುದಲ್ಲವೆ ಸರ್?” ಎಂಬುದು ಅವನ ಪ್ರಶ್ನೆ. ಸರಿಹೋಗುವುದೆಷ್ಟು, ಹೋಗದಿರುವುದೆಷ್ಟು ಎಂಬುದನ್ನು ಭೌತವಿಜ್ಞಾನವು ಬಹುಮಟ್ಟಿಗೆ ಲೆಕ್ಕಹಾಕಿಯೇ ಹೇಳಬಲ್ಲುದು.

ಮಾಸ್ಟರಿಂಗ್ ಎಂಬ ಮಾತು ಗ್ರಾಮಫೋನು ತಟ್ಟೆಗಳ ಕಾಲದ್ದು. ಹಾಡನ್ನು ಮೂಲತಟ್ಟೆಯ ಮೇಲೆ ಕೊರೆಯುವಾಗ ಮಂದ್ರಧ್ವನಿಯು ಮಿತಿಮೀರಿದರೆ ಗೀರುಗಳು ಒಂದರೊಳಗೊಂದು ನುಗ್ಗುವುವು, ಸೂಜಿಯು ಹಾರುವುದು. ಅದನ್ನು ಹದಗೊಳಿಸುವುದು ಕೊರೆಯುವವನ ಕೆಲಸವಾಗಿದ್ದಿತು. ತಟ್ಟೆಯ ಬಳಕೆ ವಿರಳವಾದರೂ ಹದಗೊಳಿಸುವ ಕೆಲಸ ಉಳಿದಿದೆ. ಮಂದ್ರ ತಾರಗಳ ತೂಕವನ್ನು ಸರಿದೂಗಿಸುವುದು, ಏರಿಳಿತವನ್ನು ಹಿಡಿತದಲ್ಲಿಡುವುದು, ಒಟ್ಟು ಗಟ್ಟಿತನವನ್ನು ನಿರ್ಧರಿಸುವುದು, ಇಷ್ಟೇ ಅದರ ವ್ಯಾಪ್ತಿ.

ಮೊದಲು ಬಾವಿಯ ಪ್ರಶ್ನೆ. ಆ ಕೋಣೆಯು 4 ಮೀಟರು ಉದ್ದ, 3 ಮೀಟರು ಅಗಲ, 3 ಮೀಟರು ಎತ್ತರದ ಕಾಂಕ್ರೀಟು ಪೆಟ್ಟಿಗೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಸೇಬಿನ್ ಎಂಬ ಭೌತವಿಜ್ಞಾನಿಯು 1895ರಿಂದ ಮೊದಲುಗೊಂಡು ಮಾತೇ ತಿಳಿಯದಷ್ಟು ಗುಂಯ್‌ಗುಡುತ್ತಿದ್ದ ಉಪನ್ಯಾಸಮಂದಿರವೊಂದಕ್ಕೆ ಪಕ್ಕದ ನಾಟ್ಯಶಾಲೆಯ ಆಸನದ ಮೆತ್ತೆಗಳನ್ನು ರಾತ್ರಿಯಿಡೀ ಹೊರಿಸಿ, ಅಳೆದು, ನಿಯಮವೊಂದನ್ನು ಕಂಡುಹಿಡಿದನು. ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಶಬ್ದವನ್ನು ಹೀರುವ ಒಟ್ಟು ಮೈಯಿಂದ ಭಾಗಿಸಿದರೆ, ಅನುರಣನವು ಅಡಗಲು ಬೇಕಾಗುವ ಸೆಕೆಂಡುಗಳು ದೊರೆಯುವುವು. ನಮ್ಮ ಕೋಣೆಯ ಗಾತ್ರ 36 ಘನಮೀಟರು, ಮೈ 66 ಚದರ ಮೀಟರು. ಬರಿಯ ಗಾರೆಗೋಡೆಯು ನೂರಕ್ಕೆ 5 ಪಾಲನ್ನು ಹೀರುವುದೆಂದರೆ ಹೀರಿಕೆ ಕೇವಲ 3.3 ಚದರ ಮೀಟರು. ಕಾಲ ಸುಮಾರು 1.75 ಸೆಕೆಂಡು! ಹಾಸಿಗೆ, ರಜಾಯಿಗಳನ್ನು ಗೋಡೆಗೊರಗಿಸಿ ಇನ್ನೊಂದು 6 ಚದರ ಮೀಟರು ಹೀರಿಕೆಯನ್ನು ಸೇರಿಸಿದರೆ ಅದು 0.6 ಸೆಕೆಂಡಿಗೆ ಇಳಿಯುವುದು.

ಇಷ್ಟಕ್ಕೇ ತೃಪ್ತರಾಗುವಂತಿಲ್ಲ. 3 ಮೀಟರು ಅಂತರದ ಎರಡು ಗೋಡೆಗಳ ನಡುವೆ ಸೆಕೆಂಡಿಗೆ ಸುಮಾರು 57, 115, 172 ಕಂಪನಗಳ ಸ್ವರಗಳು ಸ್ಥಾಯೀ ತರಂಗಗಳಾಗಿ ನಿಂತು ಹಿಗ್ಗುವುವು. 115 ಕಂಪನದ ಸ್ವರವು ಗಂಡಸಿನ ಕಂಠದ ವ್ಯಾಪ್ತಿಯೊಳಗೇ ಇದೆ. ಅದರ ತರಂಗದ ಉದ್ದ 3 ಮೀಟರು. ಎರಡು ಬೆರಳು ದಪ್ಪದ ರಜಾಯಿಗೆ ಅದು ಜಗ್ಗದು. ಈಕ್ವಲೈಸರಿನಿಂದ ಆ ಸ್ವರವನ್ನು ತಗ್ಗಿಸಬಹುದು. ಆದರೆ ಆಗ ಹಾಡಿನ ಸ್ವರವೂ ಕೋಣೆಯ ಗುಂಯ್‌ಕಾರವೂ ಒಟ್ಟಿಗೇ ತಗ್ಗುವುವು. ಮೈಕ್ರೊಫೋನನ್ನು ಹಾಡುವವರ ಸಮೀಪಕ್ಕೆ ತಂದು, ಗೋಡೆಯಿಂದಲೂ ಮೂಲೆಯಿಂದಲೂ ದೂರವಿಡುವುದೇ ಮೇಲು. ನಮ್ಮ ಹಳೆಯ ಹೆಂಚಿನ ಮನೆಗಳು ಈ ವಿಷಯದಲ್ಲಿ ವಾಸಿ. ಇಳಿಜಾರಿನ ಮಾಡು ನೆಲಕ್ಕೆ ಸಮಾಂತರವಲ್ಲವಷ್ಟೆ. ಜೂನ್ ತಿಂಗಳಲ್ಲಿ ಮಾತ್ರ ಅಲ್ಲಿ ಮುದ್ರಿಸಹೋಗಬಾರದು!

ಇನ್ನು ಚೆಂಡೆ. 16 ಬಿಟ್ಟಿನ ಮುದ್ರಣದಲ್ಲಿ ತರಂಗದ ಎತ್ತರವು ಋಣ 32,768ರಿಂದ ಧನ 32,767ರವರೆಗಿನ ಒಂದು ಪೂರ್ಣಾಂಕವಾಗಿ ದಾಖಲಾಗುವುದು. ಚೆಂಡೆಯ ಪೆಟ್ಟು ಕೆಲವೇ ಮಿಲಿಸೆಕೆಂಡುಗಳಲ್ಲಿ ಏರುವಂಥದು. ಅದರ ತುದಿಯು ಸರಾಸರಿಗಿಂತ 20 ಡೆಸಿಬೆಲ್, ಎಂದರೆ ಹತ್ತುಮಡಿ, ಎತ್ತರವಿರಬಹುದು. ಕಂಠವು ಚೆನ್ನಾಗಿ ಕೇಳಲೆಂದು ಹುಡುಗನು ಗುಂಡಿಯನ್ನು ತಿರುಗಿಸಿದ್ದನು. ಚೆಂಡೆಯ ತುದಿಗಳೆಲ್ಲ ಮಿತಿಯನ್ನು ಮುಟ್ಟಿ ಚಪ್ಪಟೆಯಾದುವು. ಕತ್ತರಿಸಿಹೋದ ತುದಿಯ ಆಕಾರವು ಎಲ್ಲಿಯೂ ದಾಖಲಾಗಿಲ್ಲ. ಯಂತ್ರವು ಅದನ್ನು ಊಹಿಸೀತೇ ಹೊರತು ಮರಳಿ ತರಲಾರದು. 24 ಬಿಟ್ಟಿನಲ್ಲಿ ಮುದ್ರಿಸಿ, ಅತ್ಯಂತ ಜೋರಾದ ಪೆಟ್ಟಿಗೂ ಮೇಲೆ 12 ಡೆಸಿಬೆಲ್ ಬರಿದಾಗಿ ಬಿಟ್ಟಿದ್ದರೆ ನಷ್ಟವೇನೂ ಇರಲಿಲ್ಲ. ಒಂದೊಂದು ಬಿಟ್ಟಿಗೆ 6 ಡೆಸಿಬೆಲ್ಲಿನಂತೆ ಬಿಟ್ಟುಕೊಡುವುದು ಎರಡೇ ಬಿಟ್ಟು, ಉಳಿಯುವುದು 22!

ಇಷ್ಟು ಸರಿಯಿದ್ದರೆ ಮಾತ್ರ ಮಾಸ್ಟರಿಂಗ್. ಲಿಮಿಟರ್ ಎಂಬ ಸಾಧನವು ತುದಿಗಳನ್ನು 6 ಡೆಸಿಬೆಲ್ ಅದುಮಿದರೆ ಇಡೀ ಹಾಡನ್ನು ಅಷ್ಟೇ ಎತ್ತಬಹುದು. ಮೂರು ನಾಲ್ಕು ಡೆಸಿಬೆಲ್ಲಿನವರೆಗೆ ಕಿವಿಯು ಸಾಮಾನ್ಯವಾಗಿ ಕ್ಷಮಿಸುವುದು. ಹನ್ನೆರಡಕ್ಕೆ ಹೋದರೆ ಚೆಂಡೆಯು ಮದ್ದಳೆಯಷ್ಟೂ ಮೊನಚಿಲ್ಲದೆ ಉಳಿಯುವುದು. ಈ ಪೈಪೋಟಿಗೆ ಈಗ ಲಾಭವೂ ಇಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2006ರಲ್ಲಿ ಗಟ್ಟಿತನವನ್ನು ಕಿವಿಗೆ ಹೊಂದುವಂತೆ ಅಳೆಯುವ ಸೂತ್ರವನ್ನು ಪ್ರಕಟಿಸಿತು. ಯೂಟ್ಯೂಬ್, ಸ್ಪಾಟಿಫೈ ಮುಂತಾದುವು ಅದನ್ನನುಸರಿಸಿ, ಅತಿ ಗಟ್ಟಿಯಾದ ಹಾಡನ್ನು ಸುಮಾರು ಋಣ 14 ಎಂಬ ಮಟ್ಟಕ್ಕೆ ತಾವೇ ಇಳಿಸುವುವು. ಅದುಮಿದ ಗಾಯ ಮಾತ್ರ ಉಳಿಯುವುದು.

ಮತ್ತೊಂದು ಮೋಸ ನಮ್ಮ ಕಿವಿಯದೇ. ಶಬ್ದವು ತಗ್ಗಿದಂತೆ ಮಂದ್ರಸ್ವರಗಳು ಮಿಕ್ಕವುಗಳಿಗಿಂತ ಬೇಗ ಮರೆಯಾಗುವುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದರು. ಆದ್ದರಿಂದ ತುಸು ಗಟ್ಟಿಯಾದುದೆಲ್ಲ ತುಂಬಿದ ನಾದವೆಂದು ಭಾಸವಾಗುವುದು. ತಿದ್ದಿದ ಹಾಡನ್ನೂ ತಿದ್ದದ ಹಾಡನ್ನೂ ಸಮನಾದ ಗಟ್ಟಿತನಕ್ಕೆ ತಂದು, ಯಾವುದು ಯಾವುದೆಂದು ತಿಳಿಯದಂತೆ ಇನ್ನೊಬ್ಬರಿಂದ ಹಾಕಿಸಿ ಕೇಳಬೇಕು. ನಮ್ಮ ವಿದ್ಯಾರ್ಥಿಯು ಹಾಗೆ ಕೇಳಿದಾಗ, ಎರಡು ವಾರ ತಿದ್ದಿದ್ದಕ್ಕಿಂತ ಮೂಲವೇ ವಾಸಿಯೆಂದು ತಾನೇ ಆರಿಸಿದನು! ಮಳೆ ಬಿಟ್ಟ ಮೇಲೆ ಅವನು ಅಜ್ಜಿಯ ಹೆಂಚಿನ ಮನೆಯ ಚಾವಡಿಯಲ್ಲಿ, ಹಾಸಿಗೆಗಳನ್ನು ನಿಲ್ಲಿಸಿ, ಚೆಂಡೆಯವರನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಕಳುಹಿಸಿ, ಮಾವನಿಂದ ಪದಗಳನ್ನು ಮತ್ತೆ ಹಾಡಿಸಿದನು.