ಒಂದೇ ಗಾಜಿನ ಮನೆಯಲ್ಲಿ ಎರಡು ಓತಿಗಳು

ಊರಿನ ಬೇಲಿಯ ಮೇಲೆ ಕುಳಿತ ಗಂಡು ಓತಿಕೇತವು ಕತ್ತನ್ನು ಕೆಂಪಗೆ ಮಾಡಿಕೊಂಡು, ಮುಂಗಾಲುಗಳನ್ನೂರಿ, ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದನ್ನು ವಾಚಕರಲ್ಲಿ ಅನೇಕರು ಬಾಲ್ಯದಲ್ಲಿ ಕಂಡಿರಬೇಕು. ಹುಡುಗರಿಗೆ ಅದು ನಮಸ್ಕಾರದಂತೆ ಕಾಣುತ್ತದೆ. ವಸ್ತುತಃ ಅದು ಮತ್ತೊಂದು ಗಂಡಿಗೆ ಕೊಡುವ ಎಚ್ಚರಿಕೆ: ಈ ಬೇಲಿ ನನ್ನದು, ದೂರ ಸರಿ! ಸೋತದ್ದು ಪಕ್ಕದ ಬೇಲಿಗೆ ಓಡುತ್ತದೆ; ಅಲ್ಲಿಗೆ ಜಗಳ ಮುಗಿಯಿತು. ನಾವು ದುಡಿಯುವ ಹೋಟೆಲಿನ ಗೋಡೆಯ ಮೇಲೆ, ದೀಪದ ಬಳಿಯ ಹುಳುಗಳಿಗಾಗಿ ಹಲ್ಲಿಗಳು ಒಂದನ್ನೊಂದು ಅಟ್ಟುವುದೂ ಇದೇ ಬಗೆಯದು. ಗೋಡೆ ದೊಡ್ಡದು, ಸೋತ ಹಲ್ಲಿಗೂ ಅದರಲ್ಲಿ ಒಂದು ಮೂಲೆಯುಂಟು.

ಓತಿಕೇತದ ಕುಲಕ್ಕೇ ಸೇರಿದ ಪ್ರಾಣಿಯೊಂದು ಇಂದು ಅನೇಕ ದೇಶಗಳಲ್ಲಿ, ನಮ್ಮ ಮಹಾನಗರಗಳ ಕೆಲವು ಮನೆಗಳಲ್ಲಿಯೂ, ಗಾಜಿನ ಪೆಟ್ಟಿಗೆಯನ್ನು ಸೇರಿದೆ. ಹೆಸರು ಬಿಯರ್ಡೆಡ್ ಡ್ರ್ಯಾಗನ್. ನಾವು ಗಡ್ಡದ ಓತಿಯೆನ್ನೋಣ. ಮೂಲಸ್ಥಾನ ಆಸ್ಟ್ರೇಲಿಯದ ಒಳನಾಡಿನ ಒಣಭೂಮಿ. ಬಾಲವೂ ಸೇರಿ ಒಂದೂವರೆಯಿಂದ ಎರಡು ಅಡಿಯವರೆಗೆ ಬೆಳೆಯುತ್ತದೆ. ಮನುಷ್ಯನ ಕೈಯ ಮೇಲೆ ಬಹು ಸಾಧುವಾಗಿ ಕುಳಿತಿರುತ್ತದೆ. ಈ ಸಾಧುತ್ವವೇ ಸಾಕಿದವರನ್ನು ಮೋಸಗೊಳಿಸುವುದು. ಪಾಪ, ಒಂಟಿಯಾಗಿದೆಯಲ್ಲಾ ಎಂದು ಮರುಗಿ ಮತ್ತೊಂದನ್ನು ತಂದು ಅದೇ ಪೆಟ್ಟಿಗೆಯಲ್ಲಿ ಬಿಡುತ್ತಾರೆ. ಹೋಟೆಲಿನ ಅಟ್ಟದ ಮೇಲೆ ಹತ್ತು ಜನರ ನಡುವೆ ಮಲಗಿ ಬೆಳಗುಮಾಡಿದವರಿಗೆ ಈ ಮರುಕವು ಸಹಜವೇ ಸರಿ. ಆದರೆ ಒಂಟಿತನವು ನಮ್ಮ ದುಃಖವೇ ಹೊರತು ಅದರದಲ್ಲ. ಅದು ಸ್ವಭಾವತಃ ಏಕಾಂತಜೀವಿ.

ಎರಡೂ ಗಂಡಾದರೆ ವಿಷಯವು ಬೇಗನೆ ಬಯಲಾಗುತ್ತದೆ. ಒಂದು ತನ್ನ ಗಂಟಲನ್ನು ಉಬ್ಬಿಸಿ ಇದ್ದಿಲಿನಂತೆ ಕಪ್ಪಾಗಿಸಿ ತಲೆಯನ್ನು ರಭಸದಿಂದ ಆಡಿಸುತ್ತದೆ. ಇನ್ನೊಂದು ಮುಂಗಾಲನ್ನೆತ್ತಿ ಮೆಲ್ಲನೆ ಬೀಸುತ್ತದೆ. ಮನೆಯ ಮಕ್ಕಳು ಅದನ್ನು ಕಂಡು ಹಿಗ್ಗುವುದುಂಟು; ಅದು ಶರಣಾಗತಿಯ ಸಂಜ್ಞೆ. ಶರಣೆಂದ ಮೇಲೂ ಓಡಿಹೋಗಲು ಎಡೆಯಿಲ್ಲದುದರಿಂದ ಕಚ್ಚಾಟವು ನಿಲ್ಲದು. ಮರಿಗಳಂತೂ ಹಸಿದಾಗ ಜೊತೆಗಾರನ ಕಾಲ್ಬೆರಳನ್ನು, ಬಾಲದ ತುದಿಯನ್ನು ಕಡಿದುಬಿಡುತ್ತವೆ. ಮನೆಹಲ್ಲಿಯ ಬಾಲವು ಮತ್ತೆ ಬೆಳೆಯುತ್ತದೆ, ಇದರದು ಬೆಳೆಯದು.

ಇದಕ್ಕಿಂತಲೂ ಕ್ರೂರವಾದುದು ಸದ್ದಿಲ್ಲದ ಜಗಳ. ಬಲಶಾಲಿಯು ದುರ್ಬಲದ ಬೆನ್ನನ್ನೇರಿ ದೀಪದ ಕೆಳಗೆ ಮಲಗಿರುತ್ತದೆ. ಎಷ್ಟೊಂದು ಅನ್ಯೋನ್ಯ ಎಂದು ಮನೆಯವರು ಅದರ ಚಿತ್ರ ತೆಗೆಯುತ್ತಾರೆ! ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖವಿರುವ ಆ ಸ್ಥಳಕ್ಕಾಗಿ ನಡೆದ ಹೋರಾಟದಲ್ಲಿ ಕೆಳಗಿನದು ಸೋತಿದೆ. ಶಾಖವಿಲ್ಲದೆ ಇವುಗಳಿಗೆ ಆಹಾರವು ಜೀರ್ಣವಾಗದು. ದೀಪದ ಅತಿನೇರಳೆ ಕಿರಣವಿಲ್ಲದೆ ಮೂಳೆಗಳು ಮೆತ್ತಗಾಗುತ್ತವೆ. ಮೈಮೇಲೆ ಒಂದು ಗಾಯವೂ ಇಲ್ಲದೆ, ತಿಂಗಳುಗಟ್ಟಲೆ ಕೃಶವಾಗುತ್ತ ಪ್ರಾಣಿ ಸಾಯಬಹುದು. ಆದುದರಿಂದ ವಾರಕ್ಕೊಮ್ಮೆ ತೂಕಮಾಡಿ ಬರೆದಿಡಬೇಕು. ಒಂದರ ತೂಕ ಏರುತ್ತ ಇನ್ನೊಂದರದು ಇಳಿಯುತ್ತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಗಂಡು ಹೆಣ್ಣು ಒಟ್ಟಿಗಿದ್ದರಾಯಿತೆಂದರೆ ಅದೂ ಪರಿಹಾರವಲ್ಲ. ಗಂಡು ಬೆಂಬಿಡದೆ ಕಾಡುತ್ತದೆ. ಮೇಲಿಂದ ಮೇಲೆ ಮೊಟ್ಟೆಯಿಟ್ಟು ಹೆಣ್ಣು ಬಸವಳಿಯುತ್ತದೆ. ಮರಿಯಲ್ಲಿ ಗಂಡುಹೆಣ್ಣು ತಿಳಿಯುವುದೂ ಕಷ್ಟ. ಎರಡೂ ಹೆಣ್ಣೆಂಬ ಅಂಗಡಿಯವನ ಭರವಸೆಯನ್ನು ಪೂರ್ತಿ ನಂಬಲಾಗದು. ಹಸಿರು ಇಗ್ವಾನಾದ ಗಂಡುಗಳೂ ಒಂದೇ ಪಂಜರದಲ್ಲಿ ಬಾಳಲಾರವು. ಅದನ್ನು ಸಾಕುವವರು 1972ರ ವನ್ಯಜೀವಿ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ ಸರಕಾರದಲ್ಲಿ ನೋಂದಣಿ ಮಾಡಿಸಬೇಕೆಂಬುದನ್ನೂ ಇಲ್ಲಿಯೇ ಹೇಳಬೇಕು. ನಮ್ಮ ಉಡವನ್ನು ಹಿಡಿದು ಸಾಕುವುದಂತೂ ಅಪರಾಧ.

ಜಗಳ ಕಂಡೊಡನೆ ಬೇರ್ಪಡಿಸುವುದೊಂದೇ ದಾರಿ. ಇನ್ನೊಂದು ದೀಪ, ಇನ್ನೊಂದು ತಟ್ಟೆ ಇಟ್ಟು ನೋಡೋಣವೆಂದು ದಿನ ಕಳೆಯುವುದು ಸರಿಯಲ್ಲ. ಬಲಶಾಲಿಯು ಎರಡನ್ನೂ ಕಾಯುತ್ತದೆ. ಪೆಟ್ಟಿಗೆಗಳು ಬೇರೆಯಾದ ಮೇಲೆಯೂ ಗಾಜಿನ ಮೂಲಕ ಒಂದಕ್ಕೊಂದು ಕಂಡರೆ ಗಡ್ಡ ಕಪ್ಪಾಗುತ್ತಲೇ ಇರುತ್ತದೆ. ನಡುವೆ ಒಂದು ರಟ್ಟನ್ನು ನಿಲ್ಲಿಸಿದರೆ ಸಾಕು. ಗಾಯವನ್ನು ಶುದ್ಧವಾದ ನೀರಿನಿಂದ ತೊಳೆದು, ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಬೇಕು. ಸೋತ ಪ್ರಾಣಿಯು ಹೊಸ ಪೆಟ್ಟಿಗೆಯಲ್ಲಿ ಕೆಲವು ದಿನ ಆಹಾರವನ್ನು ಮುಟ್ಟದೆಯೂ ಇರಬಹುದು. ಆಗ ಅದನ್ನು ಪದೇ ಪದೇ ಎತ್ತಿ ನೋಡದೆ, ಅಡಗಿಕೊಳ್ಳಲು ಒಂದು ಮರೆಯನ್ನು ಕೊಟ್ಟು, ದೀಪದ ಕೆಳಗೆ ತಾನಾಗಿಯೇ ಬರುವವರೆಗೆ ಬಿಡಬೇಕು.