ಕೊನೆ ಕೊಯ್ಲಿನ ಹೊತ್ತಿಗೇ ಕಾಲೇಜಿನ ಯೋಚನೆ

ಅಡಿಕೆಯ ಹಣ ಮನೆಗೆ ಬರುವುದು ಚಳಿಗಾಲದಲ್ಲಿ; ಕಾಲೇಜಿನ ಶುಲ್ಕ ಕಟ್ಟಬೇಕಾಗುವುದು ಮಳೆಗಾಲದಲ್ಲಿ. ಆಯನೂರು ಹೋಬಳಿಯ ಸಣ್ಣ ಬೆಳೆಗಾರರ ಮನೆಗಳಲ್ಲಿ ಪಿಯುಸಿ ಮುಗಿಸಿದ ಮಕ್ಕಳ ಮುಂದಿನ ಓದು ಗೊಂದಲಕ್ಕೆ ಬೀಳುವುದರ ಮೂಲ ಬಹುಮಟ್ಟಿಗೆ ಇಲ್ಲಿಯೇ ಇದೆ. ಸೀಟಿನ ಓಡಾಟ ಶುರುವಾಗುವ ಜೂನ್–ಜುಲೈ ತಿಂಗಳಲ್ಲಿ ಮನೆಯ ಯಜಮಾನರು ಮೈಲುತುತ್ತ, ಸುಣ್ಣ ಹೊಂದಿಸಿಕೊಂಡು ಕೊಳೆರೋಗಕ್ಕೆ ಔಷಧಿ ಹೊಡೆಸುವ ಚಿಂತೆಯಲ್ಲಿರುತ್ತಾರೆ. ಕೈಯಲ್ಲಿ ದುಡ್ಡಿಲ್ಲ, ಕಾಗದಪತ್ರ ಸಿದ್ಧವಿಲ್ಲ, ಯಾವ ಕಾಲೇಜೆಂಬ ತೀರ್ಮಾನವೂ ಇಲ್ಲ. ಕೊನೆಗೆ ಮರದ ಮೇಲಿನ ಎಳೆ ಫಸಲನ್ನೇ ಚೇಣಿದಾರರು ಹೇಳಿದ ಬೆಲೆಗೆ ಒಪ್ಪಿಸಿ, ಯಾರೋ ಹೇಳಿದ ಕಾಲೇಜಿಗೆ ದುಡ್ಡು ಕಟ್ಟಿ ಬರುವುದಾಗುತ್ತದೆ.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದರೆ ಇದೇ. ಆದ್ದರಿಂದ ನಾವು ಹೇಳಹೊರಟಿರುವುದು ಒಂದೇ ಮಾತು: ಮಗ ಅಥವಾ ಮಗಳು ದ್ವಿತೀಯ ಪಿಯುಸಿಯಲ್ಲಿದ್ದರೆ, ಆ ವರ್ಷದ ಕೊನೆ ಕೊಯ್ಲಿನ ಹೊತ್ತಿಗೇ ಮುಂದಿನ ಓದಿನ ಲೆಕ್ಕವನ್ನೂ ಹಾಕಿಬಿಡಬೇಕು.

ದೂರ ಹೋಗಬೇಕೆಂಬ ಕಾಲ ಕಳೆಯಿತು

ಶಿವಮೊಗ್ಗದ ಸಹ್ಯಾದ್ರಿ ಕಾಲೇಜು ಆರಂಭವಾದದ್ದು 1940ರಲ್ಲಿ. ಆ ಬಳಿಕವೂ ಬಹುಕಾಲ ಹೆಚ್ಚಿನ ಓದಿಗೆ ಮೈಸೂರು, ಬೆಂಗಳೂರುಗಳ ಕಡೆಗೇ ನೋಡಬೇಕಾಗಿತ್ತು. 1980ರಲ್ಲಿ ಜವಾಹರಲಾಲ್ ನೆಹರು ಇಂಜಿನಿಯರಿಂಗ್ ಕಾಲೇಜು, 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ, 2006ರಲ್ಲಿ ಪಶುವೈದ್ಯಕೀಯ ಕಾಲೇಜು, 2007ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, 2012ರಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಬಂದವು. ಈಗ ಕೆಳದಿ ಶಿವಪ್ಪ ನಾಯಕರ ಹೆಸರು ಹೊತ್ತಿರುವ ಈ ಕೃಷಿ ವಿಶ್ವವಿದ್ಯಾಲಯದ ಇರುವಕ್ಕಿ ಆವರಣ ನಮ್ಮ ಸಾಗರ ರಸ್ತೆಯಲ್ಲೇ ಮುಂದೆ, ಆನಂದಪುರದ ಬಳಿ ಇದೆ. ನವಿಲೆಯಲ್ಲಿ ಅದರ ಕೃಷಿ ಕಾಲೇಜು, ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇವೆ. ಕಾಫಿ, ಮೆಣಸು, ಅಡಿಕೆ ಬೆಳೆಯುವ ಮನೆಯ ಮಕ್ಕಳಿಗೆ ಇವು ಹೊರಗಿನ ವಿದ್ಯೆಗಳಲ್ಲ.

ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. ಏನಾದರೊಂದು ಕಲಿತರೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ ಇದ್ದೇ ಇದೆ ಎಂಬ ಧೈರ್ಯ ಹಿಂದಿನವರಿಗಿತ್ತು. ಅಲ್ಲಿನ ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಈಗ ಓದನ್ನು ಆರಿಸುವಾಗಲೇ ಮುಂದಿನ ಜೀವನೋಪಾಯವನ್ನೂ ಯೋಚಿಸಬೇಕಾಗಿದೆ.

ನಮಗೆಂದೇ ಇರುವ ಬಾಗಿಲು

ಕೃಷಿ, ತೋಟಗಾರಿಕೆ, ಅರಣ್ಯ, ಪಶುವೈದ್ಯಕೀಯ ಮುಂತಾದ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಮೀಸಲು ಇದೆ. ಮೊದಲು ನೂರಕ್ಕೆ 40 ಇದ್ದ ಈ ಮೀಸಲನ್ನು 2021ರಲ್ಲಿ ನೂರಕ್ಕೆ 50ಕ್ಕೆ ಏರಿಸಲಾಯಿತು. ಇದಕ್ಕೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಸಿಇಟಿ ಬರೆಯಬೇಕು. ಜೊತೆಗೆ ಕೃಷಿ ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗಬೇಕು. ಬೀಜ, ಬೆಳೆ, ಗೊಬ್ಬರ, ಸಲಕರಣೆಗಳನ್ನು ಮುಂದಿಟ್ಟು ಗುರುತಿಸಲು ಹೇಳುವ ಪರೀಕ್ಷೆ ಇದು. ಇದರ ಅಂಕವೂ ಸೇರಿಯೇ ಕೃಷಿಕ ಮೀಸಲಿನ ಸ್ಥಾನ ನಿರ್ಧಾರವಾಗುತ್ತದೆ.

ಇಲ್ಲಿ ನಮ್ಮ ಮಕ್ಕಳು ಎರಡು ರೀತಿಯಲ್ಲಿ ಎಡವುತ್ತಾರೆ. ಓದಿಗೆ ತೊಂದರೆಯೆಂದು ಹೈಸ್ಕೂಲಿನಿಂದಲೇ ಪಟ್ಟಣದಲ್ಲಿಟ್ಟ ಮಗು ತೋಟದ ಕೆಲಸ ನೋಡಿರುವುದೇ ಇಲ್ಲ. ಮನೆಯಲ್ಲೇ ಬೆಳೆದ ಮಗುವಿಗೆ ಅಡಿಕೆ, ಮೆಣಸು, ಏಲಕ್ಕಿ ಚೆನ್ನಾಗಿ ಗೊತ್ತು. ಬಯಲುಸೀಮೆಯ ಸಜ್ಜೆ, ನವಣೆ, ತೊಗರಿ, ಕುಸುಬೆ ಗೊತ್ತಿಲ್ಲ. ಕೊಯ್ಲಿನ ರಜೆಯಲ್ಲಿ ಮಗುವನ್ನು ಒಂದೆರಡು ಬಾರಿ ರೈತ ಸಂಪರ್ಕ ಕೇಂದ್ರಕ್ಕೂ, ಶಿವಮೊಗ್ಗದ ಬೀಜ–ಗೊಬ್ಬರದ ಅಂಗಡಿಗೂ ಕರೆದೊಯ್ದು ತೋರಿಸಿದರೆ ಈ ಕೊರತೆ ನೀಗುತ್ತದೆ.

ಇದಲ್ಲದೆ, 1ರಿಂದ 10ನೇ ತರಗತಿಯವರೆಗೆ ಹಳ್ಳಿಯಲ್ಲೇ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಮೀಸಲು ಇದೆ. ಊರ ಶಾಲೆಯ ಓದು ಕೀಳೆಂದು ಹಿಂಜರಿಯುವ ಪೋಷಕರು ಇದನ್ನು ನೆನಪಿಡಬೇಕು.

ಕಾಗದಪತ್ರದ ಕೆಲಸ

ಸಿಇಟಿ ಅರ್ಜಿ ಕರೆಯುವುದು ಸಾಮಾನ್ಯವಾಗಿ ಜನವರಿ–ಫೆಬ್ರವರಿಯಲ್ಲಿ. ಅಷ್ಟರೊಳಗೆ ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆದು, ಅದರ ಮೇಲಿನ ಆರ್.ಡಿ. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಹಳೆಯ ಪತ್ರವಿದ್ದರೆ ಅವಧಿ ಮುಗಿದಿದೆಯೇ ಎಂದು ನೋಡಬೇಕು. ಶಾಲಾ ವ್ಯಾಸಂಗದ ವಿವರ ಕಂಪ್ಯೂಟರಿನಲ್ಲಿ ತಾಳೆಯಾಗದಿದ್ದರೆ, ಮುಖ್ಯೋಪಾಧ್ಯಾಯರಿಂದ ಬರೆಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಮಾಡಿಸಬೇಕಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರೂ ಆಧಾರಿನಲ್ಲಿರುವ ಹೆಸರೂ ಒಂದೇ ಆಗಿರಲಿ.

ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯುವುದು ಪಹಣಿಯ ವಿಚಾರ. ಕೃಷಿಕ ಪ್ರಮಾಣಪತ್ರಕ್ಕೆ ಜಮೀನಿನ ದಾಖಲೆ ಬೇಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ. ವಂಶವೃಕ್ಷ ಮಾಡಿಸಿ, ದಾಯಾದಿಗಳ ಒಪ್ಪಿಗೆ ಪಡೆದು, ಪೌತಿ ಖಾತೆ ಮಾಡಿಸಲು ತಿಂಗಳುಗಳೇ ಹಿಡಿಯಬಹುದು. ಮಗು ಪಿಯುಸಿ ಸೇರಿದ ವರ್ಷವೇ ಈ ಕೆಲಸಕ್ಕೆ ಕೈ ಹಾಕುವುದು ಕ್ಷೇಮ.

ಆಯ್ಕೆ ಪಟ್ಟಿ ಮನೆಯಲ್ಲೇ ಆಗಲಿ

ಸಿಇಟಿ ಸ್ಥಾನ ತಿಳಿದ ಮೇಲೆ ಬೇಕಾದ ಕಾಲೇಜು, ಕೋರ್ಸುಗಳನ್ನು ಕ್ರಮವಾಗಿ ದಾಖಲಿಸಬೇಕು. ಔಷಧಿ ಹೊಡೆಯುವ ಗಡಿಬಿಡಿಯಲ್ಲಿ ಮಗುವನ್ನು ಒಂಟಿಯಾಗಿ ಸೈಬರ್ ಅಂಗಡಿಗೆ ಕಳಿಸಿ, ಅಲ್ಲಿಯವರು ತುಂಬಿದ್ದೇ ಪಟ್ಟಿ ಎಂದಾಗಬಾರದು. ಮನೆಮಂದಿಯೆಲ್ಲ ಕುಳಿತು ಮೊದಲು ಕಾಗದದ ಮೇಲೆ ಬರೆಯಿರಿ. ಪಟ್ಟಿಯಲ್ಲಿ ಮೇಲಿನದು ಸಿಕ್ಕಿದರೆ ಕೆಳಗಿನವು ತಾವಾಗಿಯೇ ರದ್ದಾಗುತ್ತವೆ. ಆದ್ದರಿಂದ ಸಿಗುವುದೋ ಇಲ್ಲವೋ ಎಂದು ಅಂಜದೆ, ಹೆಚ್ಚು ಬೇಕಾದುದನ್ನು ಮೇಲೇ ಬರೆಯಬೇಕು. ಸಿಕ್ಕಿದರೂ ಸೇರಲಾಗದ ಕಾಲೇಜನ್ನು ಬರೆಯಲೇಬಾರದು. ಅಣಕು ಹಂಚಿಕೆ ನೋಡಿದ ಮೇಲೆ ತಿದ್ದಲು ಅವಕಾಶವಿರುತ್ತದೆ.

ಸೀಟು ಬಂದ ಮೇಲೆ ನಾಲ್ಕು ದಾರಿಗಳು: ಒಪ್ಪಿ ಸೇರುವುದು, ಇದನ್ನು ಹಿಡಿದುಕೊಂಡೇ ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಕಾಯುವುದು, ಇದನ್ನು ಬಿಟ್ಟು ಕಾಯುವುದು, ಪೂರ್ತಿ ಹೊರಬರುವುದು. ಎರಡನೆಯದಕ್ಕೂ ಮೂರನೆಯದಕ್ಕೂ ವ್ಯತ್ಯಾಸ ತಿಳಿಯದೆ ಗುಂಡಿ ಒತ್ತಿದರೆ ಕೈಗೆ ಬಂದ ಸೀಟು ಹೋಗುತ್ತದೆ. ಪಾಸ್‌ವರ್ಡು, ಸಂದೇಶ ಬರುವ ಮೊಬೈಲು ಎರಡೂ ಮನೆಯವರ ಕೈಯಲ್ಲೇ ಇರಲಿ.

ಸಿಇಟಿ ಒಂದೇ ದಾರಿಯೂ ಅಲ್ಲ. ಬಿಎ, ಬಿಕಾಂ, ಬಿಎಸ್ಸಿ ಪದವಿಗಳಿಗೆ ಅದು ಬೇಕಿಲ್ಲ. ಈ ಪದವಿಗಳು 2024ರಿಂದ ಮತ್ತೆ ಮೂರು ವರ್ಷದವಾಗಿವೆ. ಬೆಳಿಗ್ಗೆ ಆಯನೂರಿನಲ್ಲಿ ಬಸ್ಸು ಹತ್ತಿ ಸಂಜೆ ಮನೆಗೆ ಮರಳಬಹುದಾದ ಓದನ್ನು ಯಾರೂ ಹಗುರವಾಗಿ ಕಾಣಬೇಕಿಲ್ಲ. ಆದರೆ ಮಗನಿಗೆ ದುಡ್ಡು ಕೊಟ್ಟು ದೂರದ ಸೀಟು, ಹೆಚ್ಚು ಅಂಕ ತೆಗೆದ ಮಗಳಿಗೆ ಮಾತ್ರ ಹತ್ತಿರದ ಬಸ್ಸು ಎಂಬ ಪಂಕ್ತಿಭೇದ ಬೇಡ.

ಹಣದ ಲೆಕ್ಕ

ಕ್ಯಾಪಿಟೇಷನ್ ವಸೂಲಿಯನ್ನು ನಮ್ಮ ರಾಜ್ಯ 1984ರಲ್ಲೇ ಕಾನೂನು ಮಾಡಿ ನಿಷೇಧಿಸಿತು. 1992ರಲ್ಲಿ ಸುಪ್ರೀಂ ಕೋರ್ಟು ಮೋಹಿನಿ ಜೈನ್ ಪ್ರಕರಣದಲ್ಲಿ ಅದು ಸಲ್ಲದೆಂದು ತೀರ್ಪಿತ್ತಿತು. 1994ರಲ್ಲಿ ಸಿಇಟಿ ಜಾರಿಗೆ ಬಂತು. ಆದ್ದರಿಂದ ರಸೀದಿ ಇಲ್ಲದೆ ದುಡ್ಡು ಕೇಳುವವರ ಮುಂದೆ ತೋಟವನ್ನು ಅಡವಿಡುವ ಮಾತೇ ಬೇಡ. ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನವಾಗಲಿ, ಬೇರೆಯವರ ಜಾಮೀನಾಗಲಿ ಕೇಳುವಂತಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತಿನ ಒತ್ತಾಯವೂ ಇಲ್ಲ.

ಇದಕ್ಕಿಂತ ಸುಲಭದ ಉಪಾಯವೊಂದು ನಮ್ಮ ಕೈಯಲ್ಲೇ ಇದೆ. ಮಗು ಪಿಯುಸಿ ಸೇರಿದ ವರ್ಷದಿಂದ ಎರಡು ಕೊಯ್ಲಿನಲ್ಲೂ ರಾಶಿ ಅಡಿಕೆಯ ಒಂದೆರಡು ಮೂಟೆ, ಇಲ್ಲವೇ ಕಾಫಿ, ಮೆಣಸಿನ ಒಂದು ಪಾಲನ್ನು ಓದಿಗೆಂದೇ ಬೇರೆ ತೆಗೆದು, ಆ ಹಣವನ್ನು ಠೇವಣಿ ಇಡಿ. ಜುಲೈ ತಿಂಗಳಲ್ಲಿ ಶುಲ್ಕ ಕಟ್ಟುವ ದಿನ ಬಂದಾಗ ಎಳೆ ಫಸಲು ಮರದ ಮೇಲೇ ಉಳಿಯುತ್ತದೆ. ಅದರ ಬೆಲೆಯನ್ನು ಕೇಳುವ ಧೈರ್ಯ ಚೇಣಿದಾರರಿಗಲ್ಲ, ನಮಗಿರುತ್ತದೆ.